ಅರ್ಧ ಮೈದಾನ

ಹೊಂಗೆ ಮರದ ನೆರಳು ಸರಿದ ಹಾಗೆಲ್ಲ ನಮ್ಮ ಏಳನೇ ಕ್ಲಾಸಿನ ಹುಡುಗಿಯರೂ ಸರಿದು ಕೂರುತ್ತಿದ್ದರು. ಆಟದ ಪೀರಿಯಡ್ ಅಂದರೆ ಅವರಿಗೆ ಅಷ್ಟೇ. ಹುಡುಗರು ಬ್ಯಾಟು ಹಿಡಿದು ಓಡಿದರೆ, ಇವರು ಮರದ ಬುಡದಲ್ಲಿ ಒಬ್ಬರಿಗೊಬ್ಬರು ಜಡೆ ಹಾಕುತ್ತಾ ನಲವತ್ತು ನಿಮಿಷ ಕಳೆದುಬಿಡುತ್ತಿದ್ದರು.

ನಾನು ಟಿ. ನರಸೀಪುರ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಲೆಕ್ಕದ ಟೀಚರ್. ನಮ್ಮಲ್ಲಿ ಪಿ.ಟಿ. ಮೇಷ್ಟ್ರು ಇಲ್ಲ. ಆಟದ ಪೀರಿಯಡ್‌ಗೆ ಯಾರು ಬಿಡುವಾಗಿರುತ್ತಾರೋ ಅವರು ಹೋಗುತ್ತೇವೆ. ಪಾಠ ಹಿಂದೆ ಬಿದ್ದಾಗ ಎಷ್ಟೋ ಸಲ ಆ ಪೀರಿಯಡ್ಡನ್ನು ನಾನೇ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ. ಆಗ ಹುಡುಗರು ಮುಖ ಸಣ್ಣ ಮಾಡುತ್ತಿದ್ದರು. ಹುಡುಗಿಯರು ಏನೂ ಅನ್ನುತ್ತಿರಲಿಲ್ಲ. ಅವರಿಗೆ ಆಟ ಬೇಡ ಅಂತಲೇ ನಾನು ತಿಳಿದಿದ್ದೆ.

2025ರ ಜನವರಿ 19, ಭಾನುವಾರ. ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಫೈನಲ್. ನಮ್ಮ ಹುಡುಗಿಯರು ನೇಪಾಳವನ್ನು ಸೋಲಿಸಿ ಕಪ್ ಗೆದ್ದರು. ಆ ತಂಡದಲ್ಲಿ ನಮ್ಮದೇ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಮಾರನೇ ದಿನ ಕ್ಲಾಸಿಗೆ ಹೋದವಳೇ ಖುಷಿಯಿಂದ ಅದನ್ನೇ ಹೇಳಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಕೇಳಿದಳು: "ಮಿಸ್, ಖೋ-ಖೋ ಹೆಂಗಾಡೋದು?"

ಆ ಮಾತು ನನಗೆ ನಾಟಿತು. ವಿಶ್ವಕಪ್ ಗೆದ್ದವರ ಊರು ಇಲ್ಲೇ ಇದೆ. ನಮ್ಮ ಹುಡುಗಿಗೆ ಆ ಆಟವೇ ಗೊತ್ತಿಲ್ಲ. ತಂಡದಲ್ಲಿ ಎಷ್ಟು ಜನ ಅಂತ ಕೇಳಿದರೆ ಪರೀಕ್ಷೆಗೆ ಬರೆದಿಟ್ಟಿದ್ದ ಉತ್ತರ ಹೇಳುತ್ತಾಳೆ. ಆದರೆ ಒಂದು ದಿನವೂ ಖೋ ಸಿಕ್ಕಿ ಎದ್ದು ಓಡಿಲ್ಲ.

ಅವತ್ತು ಆಟದ ಪೀರಿಯಡ್‌ನಲ್ಲಿ ನಾನೂ ಹೋಗಿ ಮರದ ಕೆಳಗೆ ಕೂತೆ. "ಯಾಕಮ್ಮಾ, ಆಡಲ್ವಾ?" ಅಂದೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬಳು ಅಂದಳು, "ಜಾಗ ಎಲ್ಲದೆ ಮಿಸ್? ನಾವು ಹೋದ್ರೆ ಬಾಲು ಬಂದು ಬೀಳ್ತದೆ." ಇನ್ನೊಬ್ಬಳು ಓಡಿದರೆ ದುಪಟ್ಟಾ ಜಾರುತ್ತದೆ, ಹುಡುಗರು ನಗುತ್ತಾರೆ ಅಂದಳು. ಮತ್ತೊಬ್ಬಳಿಗೆ ದೊಡ್ಡವಳಾದ ಮೇಲೆ ಓಡಬೇಡ ಅಂತ ಮನೆಯಲ್ಲಿ ಹೇಳಿದ್ದಾರೆ. ಕೊನೆಗೆ, ಅಷ್ಟೊತ್ತೂ ಸುಮ್ನೆ ಕೂತಿದ್ದ ಹುಡುಗಿ ಮಾತಾಡಿದಳು. "ಓಡಿದ್ರೆ ಬಾಯಾರ್ತದೆ ಮಿಸ್. ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕು. ಅಲ್ಲಿ ಚಿಲಕ ಇಲ್ಲ."

ನಾನು ದಿನಾ ಓಡಾಡುವ ಶಾಲೆ ಇದು. ಆ ಬಾಗಿಲಿಗೆ ಚಿಲಕ ಇಲ್ಲ ಅಂತ ನನಗೂ ಗೊತ್ತಿತ್ತು. ಆದರೆ ಅದಕ್ಕೂ ಮರದ ನೆರಳಿಗೂ ಸಂಬಂಧ ಇದೆ ಅಂತ ಯಾವತ್ತೂ ಹೊಳೆದಿರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯದ ಮಕ್ಕಳು ಬಿಸಿಲಲ್ಲಿ ಹೇಗೆ ಓಡುತ್ತಾರೆ?

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವ ಹಾಗೆ ಆಡಬೇಕು, ಓಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲುಬು, ಸ್ನಾಯು ಗಟ್ಟಿಯಾಗುವಂಥ ಆಟ ವಾರಕ್ಕೆ ಮೂರು ದಿನವಾದರೂ ಬೇಕು. ಆ ಸಂಸ್ಥೆಯವರೇ 2019ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಜಗತ್ತಿನಲ್ಲಿ 11ರಿಂದ 17 ವರ್ಷದ ನೂರು ಮಕ್ಕಳಲ್ಲಿ 81 ಮಕ್ಕಳಿಗೆ ಅಷ್ಟು ಓಡಾಟ ಇಲ್ಲ. ಹುಡುಗಿಯರನ್ನೇ ಬೇರೆಯಾಗಿ ಎಣಿಸಿದರೆ 85. ಇದನ್ನು ಓದಿದಾಗ ಮೊಬೈಲು, ಟಿವಿ ಅಂತ ನಾನೂ ಎಲ್ಲರ ಹಾಗೆ ಬೈದಿದ್ದೆ. ನಮ್ಮ ಈ ಹುಡುಗಿಯರ ಕೈಯಲ್ಲಿ ಮೊಬೈಲೇ ಇರಲಿಲ್ಲ.

ಆ ವಾರವೇ ಎಸ್‌ಡಿಎಂಸಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯ ಸದಸ್ಯರೊಬ್ಬರಿಗೆ ವಿಷಯ ಹೇಳಿದೆ. ಅವರು ಚಿಲಕ ತಂದು, ತಾವೇ ನಿಂತು ಹಾಕಿಸಿ ಹೋದರು. ಅರ್ಧ ಗಂಟೆಯ ಕೆಲಸ. ಇಷ್ಟು ದಿನ ಯಾಕೆ ಬೇಕಾಯಿತು ಅಂತ ನೆನೆದರೆ ಈಗಲೂ ನೋವಾಗುತ್ತದೆ.

ಗಣರಾಜ್ಯೋತ್ಸವ ಮುಗಿದ ಮೇಲಿನ ಶನಿವಾರ. ಬೆಳಗಿನ ಶಾಲೆ, ಬಿಸಿಲು ಇನ್ನೂ ಏರಿರಲಿಲ್ಲ. ಧ್ವಜದ ದಿನ ಗೆರೆ ಹಾಕಿ ಉಳಿದಿದ್ದ ಸುಣ್ಣದ ಪುಡಿ ತಂದು ಮೈದಾನದ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದೆ. ಅರ್ಧ ಹುಡುಗರಿಗೆ, ಅರ್ಧ ಹುಡುಗಿಯರಿಗೆ. "ಮಿಸ್, ಬೌಂಡರಿ ಚಿಕ್ಕದಾಗ್ತದೆ" ಅಂತ ಹುಡುಗರು ಗಲಾಟೆ ಮಾಡಿದರು. ಆಗಲಿ ಅಂದೆ.

ಹುಡುಗಿಯರು ಗೆರೆ ದಾಟಿ ಬಂದರು. ಬಂದು ಅಲ್ಲೇ ಗುಂಪಾಗಿ ನಿಂತರು. ಜಾಗ ಸಿಕ್ಕರೂ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆರೆ-ದಡ ಶುರು ಮಾಡಿದೆ. ಒಂದನೇ ಕ್ಲಾಸಿನಿಂದ ಬಲ್ಲ ಆಟ. "ಕೆರೆ!" ಅಂದಾಗ ಒಳಕ್ಕೆ, "ದಡ!" ಅಂದಾಗ ಆಚೆಗೆ. ಹತ್ತು ಸಲ ಹಾರುವಷ್ಟರಲ್ಲಿ ದುಪಟ್ಟಾಗಳು ತಾವಾಗಿಯೇ ಸೊಂಟಕ್ಕೆ ಬಂದಿದ್ದವು.

ಆಮೇಲೆ ಖೋ-ಖೋ. ಎರಡು ಕಡೆ ಬಿದಿರಿನ ಕಂಬ ನೆಟ್ಟಿದ್ದೆವು. ಎಂಟು ಜನ ಸಾಲಾಗಿ, ಒಬ್ಬಳು ಈ ಕಡೆ ಮುಖ ಮಾಡಿದರೆ ಪಕ್ಕದವಳು ಆ ಕಡೆ. ಒಂಬತ್ತನೆಯವಳು ಓಡಿಸುವವಳು. ನಡುಗೆರೆ ದಾಟಬಾರದು, ಓಡಲು ಶುರುಮಾಡಿದ ಮೇಲೆ ಹಿಂದಕ್ಕೆ ತಿರುಗಬಾರದು. ಮೊದಲ ಐದು ನಿಮಿಷ ಬರೀ ಗೊಂದಲ. ಖೋ ಕೊಟ್ಟವಳೂ ಓಡುತ್ತಾಳೆ, ಖೋ ಸಿಕ್ಕವಳೂ ಓಡುತ್ತಾಳೆ. ಆಮೇಲೆ ಕಾಲಿಗೆ ಲಯ ಸಿಕ್ಕಿತು. ಚಿಲಕದ ಮಾತು ಹೇಳಿದ್ದ ಆ ಹುಡುಗಿ, ಕ್ಲಾಸಿನಲ್ಲಿ ಬಾಯಿಯೇ ಬಿಡದವಳು, "ಖೋ!" ಅಂತ ಕೂಗಿದ ಸದ್ದಿಗೆ ಆ ಕಡೆ ಬೌಲಿಂಗ್ ಮಾಡುತ್ತಿದ್ದ ಹುಡುಗ ನಿಂತು ನೋಡಿದ.

ನಾನೊಂದು ನಿಯಮ ಬದಲಾಯಿಸಿದೆ. ಔಟಾದವರು ಆಚೆ ಕೂರುವ ಹಾಗಿಲ್ಲ, ಸುತ್ತಲಿನ ಗೆರೆಯ ಮೇಲೆ ಒಂದು ಸುತ್ತು ಓಡಿ ಮತ್ತೆ ಸೇರಬೇಕು. ನಮ್ಮ ಎಷ್ಟೋ ಆಟಗಳಲ್ಲಿ ಮೊದಲು ಔಟಾಗುವವರು ನಿಧಾನಕ್ಕೆ ಓಡುವ ಮಕ್ಕಳು. ಯಾರಿಗೆ ಓಟ ಹೆಚ್ಚು ಬೇಕೋ ಅವರೇ ಜಾಸ್ತಿ ಹೊತ್ತು ಕೂರುತ್ತಾರೆ. ಹೋಬಳಿ ಕ್ರೀಡಾಕೂಟಕ್ಕೆ ತಂಡ ಆರಿಸುವಾಗ ಒಳ್ಳೆಯ ಆಟಗಾರರು ಬೇಕು, ಸರಿ. ಶನಿವಾರದ ಆಟಕ್ಕೆ ಎಲ್ಲರೂ ಬೇಕು.

ಆ ಕಡೆಯ ಕ್ರಿಕೆಟ್ಟನ್ನೂ ಅವತ್ತು ಗಮನವಿಟ್ಟು ನೋಡಿದೆ. ಬೌಂಡರಿ ಹತ್ತಿರ ನಿಂತಿದ್ದ ಒಬ್ಬ ದಪ್ಪ ಹುಡುಗ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಮಾತ್ರ ಜಾಗ ಬಿಟ್ಟು ಕದಲಿದ. ಬ್ಯಾಟು ಅವನ ಕೈಗೆ ಬರಲೇ ಇಲ್ಲ. ಹೊರಗಡೆಯೇ ಇದ್ದ ಅಂದಮಾತ್ರಕ್ಕೆ ಅವನು ಆಡುತ್ತಿದ್ದಾನೆ ಅಂತ ನಾನು ಅಂದುಕೊಂಡಿದ್ದೆ. "ಬಾರೋ, ನಮಗೊಬ್ಬರು ಕಡಿಮೆ ಇದ್ದಾರೆ" ಅಂತ ಕರೆದೆ. ಅನುಮಾನಿಸುತ್ತಲೇ ಗೆರೆ ದಾಟಿದ.

ಎಲ್ಲ ಚೆನ್ನಾಗಿಯೇ ನಡೆಯಿತು ಅಂತಲ್ಲ. ಒಬ್ಬಳು ಓಡುತ್ತಾ ಓಡುತ್ತಾ ತಲೆ ಸುತ್ತಿ ಕೂತುಬಿಟ್ಟಳು. ಕೇಳಿದರೆ, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ಅಮ್ಮ ಬೇಗ ಕೂಲಿಗೆ ಹೋಗಿದ್ದರಂತೆ. ಅಡುಗೆ ಅಕ್ಕ ಬೆಲ್ಲದ ನೀರು ಕೊಟ್ಟರು. ಹೊಟ್ಟೆ ಖಾಲಿ ಇರುವ ಮಗುವನ್ನು ಓಡಿಸಿದೆನಲ್ಲ ಅಂತ ತುಂಬಾ ಸಂಕಟವಾಯಿತು. ಈಗ ಗೆರೆ ಹಾಕುವ ಮೊದಲು "ತಿಂಡಿ ಆಯ್ತಾ?" ಅಂತ ಒಬ್ಬೊಬ್ಬರನ್ನೂ ಕೇಳುತ್ತೇನೆ. ಇಲ್ಲ ಅಂದವರಿಗೆ ಕೊಡೋಕೆ ಅಂತ ಬಾಳೆಹಣ್ಣು ತಂದಿಟ್ಟಿರುತ್ತೇನೆ.

ಓಡಬೇಡ ಅಂತ ಮನೆಯಲ್ಲಿ ಹೇಳಿಸಿಕೊಂಡಿದ್ದ ಹುಡುಗಿ ಅವತ್ತು ಆಡಲಿಲ್ಲ. ಸುಣ್ಣದ ಬುಟ್ಟಿ ಹಿಡಿದು, ಅಳಿಸಿದ ಕಡೆ ಗೆರೆ ತಿದ್ದುತ್ತಾ ಓಡಾಡಿದಳು. ಸೋಮವಾರ ಅವಳ ತಾಯಿ ಬಂದರು. "ಹೆಣ್ ಮಕ್ಳನ್ನ ಹಿಂಗೆ ಕುಣಿಸ್ತೀರಂತಲ್ಲ ಮಿಸ್ಸೇ" ಅಂದರು. ನಾನು ವಾದ ಮಾಡಲಿಲ್ಲ. "ಶನಿವಾರ ಬನ್ನಿ ಅಕ್ಕಾ, ನೀವೇ ನೋಡಿ" ಅಂದೆ.

ಬಂದರು. ಕೈಯಲ್ಲಿ ಕುಡುಗೋಲು, ಹೊಲಕ್ಕೆ ಹೊರಟವರು ಹಾಗೇ ಗೇಟಿನ ಹತ್ತಿರ ನಿಂತರು. ಹತ್ತು ನಿಮಿಷ ನೋಡಿದರು. "ನಾವು ಕುಂಟೆಬಿಲ್ಲೆ ಆಡ್ತಿದ್ದೋ. ಬೀದಿ ತುಂಬ" ಅಂದರು. ಮಗಳ ಕಡೆ ಒಮ್ಮೆ ನೋಡಿ ಹೊರಟುಹೋದರು. ಒಪ್ಪಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮುಂದಿನ ಶನಿವಾರ ಆ ಹುಡುಗಿ ಮನೆಯಿಂದಲೇ ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಬಂದಳು.