ಫಾರೆಸ್ಟ್ ಏನು ಗೆದ್ದಿದೆ ಅಂತ ಕೇಳುವವರಿಗೆ

"ನಾಟಿಂಗ್‌ಹ್ಯಾಮ್ ಫಾರೆಸ್ಟಾ? ಅದು ಏನಾದ್ರೂ ಗೆದ್ದಿದೆಯಾ?"

ಇಂಗ್ಲೆಂಡಿನ ಈ ಫುಟ್‌ಬಾಲ್ ಕ್ಲಬ್ ನನ್ನ ತಂಡ. ಹೆಸರು ಹೇಳಿದ ಕೂಡಲೇ ಬರುವ ಪ್ರಶ್ನೆ ಇದು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ. ಯುರೋಪಿನ ಕ್ಲಬ್ಬುಗಳ ನಡುವಿನ ಯುರೋಪಿಯನ್ ಕಪ್, ಎರಡು ಸಲ, 1979 ಮತ್ತು 1980. ಈಗ ಚಾಂಪಿಯನ್ಸ್ ಲೀಗ್ ಅಂತೀರಲ್ಲ, ಅದೇ ಕಪ್ಪು.

ಆ "ಏನಾದ್ರೂ" ಅನ್ನೋ ಮಾತೇ ನನಗೆ ಉರಿ. ಕಳೆದ ತಿಂಗಳು ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಪಕ್ಕದ ಎಲೆಯ ಹುಡುಗ, "ಅದೆಲ್ಲ ಹಳೇದು ಮಾಮ, ಪ್ರೀಮಿಯರ್ ಲೀಗ್ ಎಷ್ಟು ಸಲ?" ಅಂದ. ಒಂದು ಸಲವೂ ಇಲ್ಲ ಅಂದೆ. "ಹಾಗಾದ್ರೆ ಬಿಡಿ" ಅಂತ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ಬಿಡೋದು ಏನನ್ನ? ಪ್ರೀಮಿಯರ್ ಲೀಗ್, ಅಂದರೆ ಇಂಗ್ಲೆಂಡಿನ ಈಗಿನ ಮೊದಲ ದರ್ಜೆಯ ಲೀಗ್, ಶುರುವಾಗಿದ್ದೇ 1992ರಲ್ಲಿ. ಅದಕ್ಕೆ ಮುಂಚೆ ನೂರು ವರ್ಷ ಇಂಗ್ಲೆಂಡಿನವರು ಆಡಿದ್ದು ಲೆಕ್ಕಕ್ಕಿಲ್ಲವಾ?

ಬ್ರಯನ್ ಕ್ಲಫ್ 1975ರ ಜನವರಿಯಲ್ಲಿ ಮ್ಯಾನೇಜರ್ ಆಗಿ ಬಂದಾಗ ಫಾರೆಸ್ಟ್ ಎರಡನೇ ಡಿವಿಷನ್‌ನಲ್ಲಿತ್ತು. 1977ರಲ್ಲಿ ಮೂರನೇ ಸ್ಥಾನದಲ್ಲಿ ಮುಗಿಸಿ ಮೇಲಕ್ಕೆ ಬಂತು, ಮರುವರ್ಷವೇ ಚಾಂಪಿಯನ್. ಲೀಗ್‌ನಲ್ಲಿ ಸತತ 42 ಪಂದ್ಯ ಸೋಲಲಿಲ್ಲ. ಆರ್ಸೆನಲ್ ಆ ದಾಖಲೆ ಮುರಿಯುವಾಗ 2004 ಬಂದಿತ್ತು. ದೇಶದ ಲೀಗ್ ಒಂದೇ ಸಲ, ಯುರೋಪ್ ಎರಡು ಸಲ. ಇಂಥ ಲೆಕ್ಕ ಬೇರೆ ಯಾವ ಕ್ಲಬ್ಬಿಗೂ ಇಲ್ಲ. 2005ರಲ್ಲಿ ಮೂರನೇ ದರ್ಜೆಗೆ ಬಿದ್ದಿದ್ದೂ ನಿಜ. ನಾನು ಮುಚ್ಚಿಡುವುದಿಲ್ಲ.

ಆದರೆ ಒಬ್ಬರಾದರೂ "ಜಾನ್ ರಾಬರ್ಟ್‌ಸನ್ ಹೇಗೆ ಆಡುತ್ತಿದ್ದ?" ಅಂತ ಕೇಳಬಾರದೇ? ಹತ್ತು ಲಕ್ಷ ಪೌಂಡ್ ಕೊಟ್ಟು ಬರ್ಮಿಂಗ್‌ಹ್ಯಾಮ್‌ನಿಂದ ತಂದ ಟ್ರೆವರ್ ಫ್ರಾನ್ಸಿಸ್ ಹೆಸರು ಕೆಲವರಿಗೆ ಗೊತ್ತು. ರಾಬರ್ಟ್‌ಸನ್ ಕ್ಲಫ್ ಬಂದಾಗ ಮಾರಾಟದ ಪಟ್ಟಿಯಲ್ಲಿದ್ದವನು. ಮೈ ದಪ್ಪ, ಓಟ ನಿಧಾನ. ಕ್ಲಫ್ ಅವನನ್ನು ಎಡಗಡೆ ಗೆರೆಯ ಪಕ್ಕ ನಿಲ್ಲಿಸಿ, ಚೆಂಡು ಅವನಿಗೇ ಕೊಡಿ ಅನ್ನುವ ಹಾಗೆ ತಂಡ ಕಟ್ಟಿದ.

ಮ್ಯೂನಿಕ್, 1979ರ ಯುರೋಪಿಯನ್ ಕಪ್ ಫೈನಲ್, ಎದುರಾಳಿ ಸ್ವೀಡನ್ನಿನ ಮಾಲ್ಮೊ. ಮೊದಲರ್ಧ ಇನ್ನೇನು ಮುಗಿಯಬೇಕು. ಎಡಗಡೆ ರಾಬರ್ಟ್‌ಸನ್ ಕಾಲಲ್ಲಿ ಚೆಂಡು, ಮುಂದೆ ಇಬ್ಬರು. ಇಬ್ಬರನ್ನೂ ದಾಟಿ ಗೋಲಿನ ಆಚೆ ಕಂಬದ ಕಡೆಗೆ ಕ್ರಾಸ್ ಹಾಕಿದ. ಓಡಿ ಬಂದ ಫ್ರಾನ್ಸಿಸ್ ತಲೆ ಕೊಟ್ಟ, ಗೋಲು. ಫ್ರಾನ್ಸಿಸ್‌ಗೆ ಅದು ಯುರೋಪಿಯನ್ ಕಪ್‌ನಲ್ಲಿ ಮೊದಲ ಪಂದ್ಯ.

ಮರುವರ್ಷ ಮ್ಯಾಡ್ರಿಡ್‌ನಲ್ಲಿ ಫೈನಲ್, ಎದುರಾಳಿ ಇಂಗ್ಲೆಂಡಿನ ಹೆಸರಾಂತ ಆಟಗಾರ ಕೆವಿನ್ ಕೀಗನ್ ಇದ್ದ ಜರ್ಮನಿಯ ಹ್ಯಾಂಬರ್ಗ್. ಫ್ರಾನ್ಸಿಸ್‌ಗೆ ಗಾಯ, ಆಡಲಿಲ್ಲ. ರಾಬರ್ಟ್‌ಸನ್ ಎಡದಿಂದ ಒಳಗೆ ಬಂದು, ಗ್ಯಾರಿ ಬರ್ಟಲ್ಸ್‌ಗೆ ಕೊಟ್ಟು ವಾಪಸ್ ತಗೊಂಡು, ಬಲಗಾಲಲ್ಲಿ ಹೊಡೆದ. ಚೆಂಡು ಆಚೆ ಕಂಬಕ್ಕೆ ತಾಗಿ ಒಳಗೆ ಹೋಯಿತು. ಆ ಪಂದ್ಯದಲ್ಲಿ ಇನ್ನೊಂದು ಗೋಲು ಬರಲಿಲ್ಲ.