38911 ಅಂತ ಬಂತು, ಆದರೂ ಮೆಷಿನ್ ಸರಿಯಿರಲಿಲ್ಲ

ಕೊನೆಗೂ ಸಿಕ್ಕಿತು! ಮೂರು ವಾರ ನಿದ್ದೆ ಕೆಡಿಸಿದ ನನ್ನ ಹಳೆಯ ಕಂಪ್ಯೂಟರ್ ಕಮಡೋರ್ 64ರ ದೋಷ ಒಂದೇ ಒಂದು ಬಿಟ್‌ನಲ್ಲಿತ್ತು, ಅಂದರೆ ಬೈಟಿನ ಎಂಟು ಸೊನ್ನೆ-ಒಂದುಗಳಲ್ಲಿ ಒಂದರಲ್ಲಿ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಆದರೆ ನನಗೆ ಬೇಕಿದ್ದದ್ದು ಆ ಇಲಿಯೇ.

ಮೊದಲು ಆನ್ ಮಾಡಿದಾಗ ಬರೀ ಕಪ್ಪು ಪರದೆ. ಆ ಭಾಗವನ್ನು ಬೇಗ ಮುಗಿಸುತ್ತೇನೆ, ಅದು ನಿಮಗೆಲ್ಲ ಗೊತ್ತಿರುವ ಕಥೆ. ಹಳೆಯ ಪವರ್ ಸಪ್ಲೈಯ 5 ವೋಲ್ಟ್ ಲೈನ್ 6 ದಾಟಿತ್ತು. ಅದನ್ನು ಪಕ್ಕಕ್ಕಿಟ್ಟೆ. ಗೆಳೆಯರೊಬ್ಬರಿಂದ ಎರವಲು ತಂದ ಡೆಡ್ ಟೆಸ್ಟ್ ಕಾರ್ಟ್ರಿಡ್ಜ್ (ಕೆಟ್ಟ ಮೆಮೊರಿ ಚಿಪ್, ಅಂದರೆ ರಾಮ್ ಚಿಪ್, ಯಾವುದು ಅಂತ ಪರದೆ ಮಿನುಗಿಸಿ ಹೇಳುವ ಸಾಧನ) ಹಾಕಿದಾಗ ಪರದೆ ಮೂರು ಸಲ ಮಿನುಗಿತು. ನನ್ನ ಮೆಷಿನ್‌ನ 250407 ಮಾದರಿಯ ಬೋರ್ಡಿನಲ್ಲಿ ಮೂರು ಅಂದರೆ ಯು11 ಅಂತ ಗುರುತಿರುವ ಚಿಪ್. ಕಿತ್ತು, ಸಾಕೆಟ್ ಕೂರಿಸಿ, ಬೇರೆ 4164 (ಅದೇ ಮಾದರಿಯ ರಾಮ್ ಚಿಪ್) ಹಾಕಿದೆ. ನೀಲಿ ಪರದೆ ಬಂತು. 38911 ಬೇಸಿಕ್ ಬೈಟ್ಸ್ ಫ್ರೀ (ಬೇಸಿಕ್ ಭಾಷೆಯ ಪ್ರೋಗ್ರಾಮಿಗೆ ಖಾಲಿ ಇರುವ ಮೆಮೊರಿ), ಕೆಳಗೆ ರೆಡಿ, ಅದರ ಕೆಳಗೆ ಕರ್ಸರ್. ಕಾರ್ಟ್ರಿಡ್ಜ್ ವಾಪಸ್ ಕೊಟ್ಟು ಕೇಸ್ ಮುಚ್ಚಿದೆ.

ನಿಜವಾದ ತಲೆನೋವು ಶುರುವಾಗಿದ್ದು ಆಮೇಲೆ.

ಐದು ಸಾಲಿನ ಪ್ರೋಗ್ರಾಂ ಚೆನ್ನಾಗಿ ಓಡುತ್ತಿತ್ತು. ಉದ್ದದ್ದು ಟೈಪ್ ಮಾಡಿದರೆ ಎಡವಟ್ಟು. ನಾನೇ ಬರೆದ ಒಂದು ಸಣ್ಣ ಆಟದಲ್ಲಿ SCORE ಎಂಬ ಪದ ಆಡುವಾಗ ಆರ್ ಬದಲು ಎಸ್ ಆಗಿ ಕಾಣಿಸಿತು. ಟೈಪ್ ಮಾಡುವಾಗ ಸರಿಯಾಗಿಯೇ ಇತ್ತು. ಇನ್ನೊಂದು ಕಡೆ, ಒಂದು ಸಲ ಬರಬೇಕಾದ ಬೀಪ್ ಎರಡು ಸಲ ಬಂತು. ತಪ್ಪು ಹುಡುಕೋಣ ಅಂತ ಮೇಲೆ ಒಂದು ಹೊಸ ಸಾಲು ಸೇರಿಸಿದರೆ ಇನ್ನೆರಡು ಕಡೆ ಹೊಸ ತಪ್ಪು. ಮುಟ್ಟಿದಷ್ಟೂ ಗಾಯ ದೊಡ್ಡದಾಗುತ್ತಿತ್ತು.

ಅಕ್ಷರ ತಪ್ಪು ಬಂದರೆ ಮೊದಲು ಅನುಮಾನ ಯಾರ ಮೇಲೆ? ಕೀಬೋರ್ಡ್ ಮೇಲೆ ಅಲ್ವಾ? ಕೀಬೋರ್ಡ್ ಬಿಚ್ಚಿ ಕಾರ್ಬನ್ ಕಾಂಟ್ಯಾಕ್ಟ್‌ಗಳನ್ನೆಲ್ಲ ಒರೆಸಿದೆ. ಕೀಬೋರ್ಡ್ ಓದುವ ಚಿಪ್ ಯು1. ಯು2 ಕೂಡ ಅದೇ 6526 ಮಾದರಿಯ ಚಿಪ್. ಎರಡನ್ನೂ ಅದಲು ಬದಲು ಮಾಡಿದೆ. ಏನೂ ಬದಲಾಗಲಿಲ್ಲ. ಯಾವ ವಿಳಾಸಕ್ಕೆ ಯಾವ ಚಿಪ್ ಅಂತ ನಿರ್ಧರಿಸುವ ಪಿಎಲ್‌ಎ ಚಿಪ್ ಬದಲಿಸಿದೆ. ಅದರಿಂದಲೂ ಉಪಯೋಗವಿಲ್ಲ. ರಾಮ್ ಮೇಲೆ ಮಾತ್ರ ನನಗೆ ಅನುಮಾನವೇ ಬರಲಿಲ್ಲ, ಯಾಕೆಂದರೆ ಪ್ರತಿ ಸಲವೂ ಪರದೆಯಲ್ಲಿ 38911 ಇತ್ತು. ಬೇಸಿಕ್ ಪ್ರೋಗ್ರಾಂ ಶುರುವಾಗುವುದು ಮೆಮೊರಿಯ 2049ನೇ ವಿಳಾಸದಲ್ಲಿ. ಬೇಸಿಕ್ ರಾಮ್ ಮುಗಿದು ಬೇಸಿಕ್ ರೋಮ್ ಶುರುವಾಗುವುದು 40960ರಲ್ಲಿ. ಕಳೆದರೆ 38911. ನಡುವೆ ಒಂದು ಬೈಟ್ ಕೆಟ್ಟಿದ್ದರೂ ಸಂಖ್ಯೆ ಕಡಿಮೆಯಾಗುತ್ತದೆ ಅಂತ ನಾವೆಲ್ಲ ಕಲಿತಿದ್ದೇವೆ. 14335 ಅಂತ ಬಂದರೆ 16384ರಲ್ಲಿ ಏನೋ ಕೆಟ್ಟಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು.

ಮೂರನೇ ವಾರ ಬೀಪ್ ಇರುವ ಭಾಗವನ್ನು ಲಿಸ್ಟ್ ಮಾಡಿದೆ. ಚಿತ್ರ ಬಿಡಿಸುವ ಸಬ್‌ರೂಟೀನಿನ ಕೊನೆಯಲ್ಲಿ RETURN ಇರಬೇಕಿತ್ತು. ಅಲ್ಲಿ REM ಅಂತ ಇತ್ತು, ಅಂದರೆ ಮೆಷಿನ್ ಲೆಕ್ಕಿಸದೆ ಬಿಡುವ ಟಿಪ್ಪಣಿ! ಆ ಸಾಲನ್ನು ಮತ್ತೆ ಟೈಪ್ ಮಾಡಿದೆ. ಲಿಸ್ಟ್ ಮಾಡಿದೆ. ಮತ್ತೆ REM. ಹಾಗಾಗಿ ಸಬ್‌ರೂಟೀನ್ ವಾಪಸ್ ಹೋಗದೆ ಕೆಳಗಿನ ಬೀಪ್ ಸಬ್‌ರೂಟೀನಿಗೆ ಜಾರುತ್ತಿತ್ತು.

ಬೇಸಿಕ್ ಈ ಪದಗಳನ್ನು ಒಂದೊಂದು ಬೈಟಿನ ಟೋಕನ್ ಆಗಿ ಇಡುತ್ತದೆ. RETURN ಅಂದರೆ 142. REM ಅಂದರೆ 143. ಆರ್ ಅಕ್ಷರ 82, ಎಸ್ 83. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಎರಡೂ ಕಡೆ ಒಂದೇ ವ್ಯತ್ಯಾಸ, ಬಿಟ್ 0, ಅಂದರೆ ಬೈಟಿನ ಬಲತುದಿಯ ಬಿಟ್. ಸೊನ್ನೆ ಇರಬೇಕಾದ ಕಡೆ ಒಂದು ಅಂಟಿಕೊಂಡಿದೆ.

ಹಾಗಾದರೆ 38911 ಹೇಗೆ ಬಂತು? ಇದಕ್ಕೆ ಉತ್ತರ ಸಿಗದೆ ಸೋಲ್ಡರಿಂಗ್ ಐರನ್ ಮುಟ್ಟುವುದಿಲ್ಲ ಅಂತ ಕೂತೆ. ಮೆಷಿನ್ ಆನ್ ಮಾಡಿದಾಗ ಓಡುವ, ಕರ್ನಲ್ ರೋಮ್‌ನ ರಾಮ್ ಪರೀಕ್ಷೆಯನ್ನು ಒಂದೊಂದೇ ಆದೇಶವಾಗಿ ಓದಿದೆ. ಅದು ಪ್ರತಿ ವಿಳಾಸದಲ್ಲಿ ಮೊದಲು ಹೆಕ್ಸ್ 55 ಬರೆಯುತ್ತದೆ, ಅಂದರೆ 01010101. ಓದಿ ಹೋಲಿಸುತ್ತದೆ. ಸರಿಯಿದ್ದರೆ ಬಿಟ್‌ಗಳನ್ನು ಒಂದು ಮನೆ ಎಡಕ್ಕೆ ತಿರುಗಿಸಿ ಮತ್ತೆ ಬರೆಯುತ್ತದೆ. ಎರಡನೇ ಸಲ 10101010 ಬರಬೇಕು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಇದರ ಪ್ರೊಸೆಸರ್ 6510ರಲ್ಲಿ ಹೋಲಿಕೆ ಸಮವಾದರೆ ಕ್ಯಾರಿ ಎಂಬ ಒಳಗಿನ ಬಿಟ್ 1 ಆಗುತ್ತದೆ. ತಿರುಗಿಸುವ ಆದೇಶ ಆ ಕ್ಯಾರಿಯನ್ನು ಬಲತುದಿಗೆ ತಂದು ಕೂರಿಸುತ್ತದೆ. ನಡುವೆ ಕ್ಯಾರಿ ಅಳಿಸುವ ಆದೇಶ ಇಲ್ಲ. ಹಾಗಾಗಿ ಬರೆಯುವುದು 10101011.

ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ. ಬಲತುದಿಯಲ್ಲಿ ಎರಡು ಸಲವೂ 1! ಬಿಟ್ 0ರಲ್ಲಿ ಸೊನ್ನೆ ನಿಲ್ಲುತ್ತದೆಯೇ ಅಂತ ಈ ಪರೀಕ್ಷೆ ಕೇಳುವುದೇ ಇಲ್ಲ. ಉಳಿದ ಏಳು ಬಿಟ್‌ಗಳನ್ನು ಎರಡೂ ರೀತಿಯಲ್ಲಿ ನೋಡುತ್ತದೆ. ಇದು ಆ ರೋಮ್‌ನ ತಪ್ಪು ಅಂತ ನಾನು ಹೇಳುವುದಿಲ್ಲ. ರಾಮ್ ಎಲ್ಲಿ ಮುಗಿಯುತ್ತದೆ ಅಂತ ಹುಡುಕಲು ಅಷ್ಟು ಸಾಕು. ಅದನ್ನು ಆರೋಗ್ಯ ತಪಾಸಣೆ ಅಂತ ಓದಿದ್ದು ನಾವು. ಆ ರಾತ್ರಿ ನನಗಾದ ಸಂತೋಷ ಹೇಳತೀರದು. 1982ರ ಮೆಷಿನ್ ಇವತ್ತಿಗೂ ಹೊಸದೊಂದನ್ನು ತೋರಿಸಿತಲ್ಲ!

ಆಮೇಲಿನದು ಸುಲಭ. 4096ರಿಂದ 40959ರವರೆಗೆ ಪ್ರತಿ ವಿಳಾಸಕ್ಕೂ 0 ಪೋಕ್ ಮಾಡಿ (ಬರೆದು), ಪೀಕ್ ಮಾಡಿ (ಓದಿ), 0 ಅಲ್ಲದಿದ್ದರೆ ಪ್ರಿಂಟ್ ಮಾಡುವ ಮೂರು ಸಾಲು ಬರೆದೆ. ಬೇಸಿಕ್ ನಿಧಾನ, ಹಲವು ನಿಮಿಷ ಕಾದೆ. ಏಳು ವಿಳಾಸ ಬಂದವು. ಎಲ್ಲವೂ 6144 ಮತ್ತು 6399ರ ನಡುವೆ, ಎಲ್ಲದರ ಪಕ್ಕದಲ್ಲೂ 1. ಸಣ್ಣ ಪ್ರೋಗ್ರಾಂ ಅಲ್ಲಿಯವರೆಗೆ ತಲುಪುತ್ತಲೇ ಇರಲಿಲ್ಲ. ಹೊಸ ಸಾಲು ಸೇರಿಸಿದಾಗ ಕೆಳಗಿನ ಬೈಟ್‌ಗಳೆಲ್ಲ ಸರಿದು ಈ ಏಳು ಗುಂಡಿಗಳಲ್ಲಿ ಬೇರೆ ಬೈಟ್‌ಗಳು ಬೀಳುತ್ತಿದ್ದವು. ಒಮ್ಮೆ ಕೆಟ್ಟ ಬೈಟ್ ಮುಂದೆ ಸರಿದರೂ ಕೆಟ್ಟೇ ಇರುತ್ತಿತ್ತು.

ಎಂಟು ರಾಮ್ ಚಿಪ್‌ಗಳಲ್ಲಿ ಒಂದೊಂದೂ ಬೈಟಿನ ಒಂದೊಂದು ಬಿಟ್ ಇಟ್ಟುಕೊಳ್ಳುತ್ತದೆ. ಬಿಟ್ 0 ಅಂದರೆ ಯು21. ಆದರೆ ಹಾಕಲು ಚಿಪ್ ಎಲ್ಲಿದೆ? ಹೊಸದು ಅಂತ ಹೇಳಿ ಮಾರಿದ ಎಂಟು 4164 ತರಿಸಿದ್ದೆ. ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಸಿಟೋನ್ ಹಚ್ಚಿದ ಹತ್ತಿ ಉಜ್ಜಿದರೆ ಅಕ್ಷರಗಳು ಹತ್ತಿಗೇ ಬಂದವು, ಕೆಳಗೆ ಉಜ್ಜಿ ಅಳಿಸಿದ ಗುರುತು. ಎಂಟರಲ್ಲಿ ಎರಡು ಟೆಸ್ಟರಿನಲ್ಲೇ ಫೇಲ್. ಹಳೆಯ ಚಿಪ್ ಮಾರುವುದು ತಪ್ಪಲ್ಲ. ಹಳೆಯದು ಅಂತ ಹೇಳಿ ಮಾರಿ, ಸಾಕು. ಸುಳ್ಳು ಹೇಳಿದರೆ ಮೊದಲೇ ಕೆಟ್ಟ ಬೋರ್ಡಿನಲ್ಲಿ ಎರಡನೇ ದೋಷ ಸೇರುತ್ತದೆ. ಅದರಷ್ಟು ಕಷ್ಟ ಬೇರೆ ಇಲ್ಲ.

ಉಳಿದ ಆರರಲ್ಲಿ ಒಂದನ್ನು ಎರಡು ದಿನ ಟೆಸ್ಟರಿನಲ್ಲಿ ಓಡಿಸಿ ನಂಬಿಕೆ ಬಂದ ಮೇಲೆ ಹಾಕಿದೆ. ಹಳೆಯದರ ಹದಿನಾರು ಕಾಲು ಕತ್ತರಿಸಿ ಒಂದೊಂದಾಗಿ ತೆಗೆದೆ. ಬೋರ್ಡಿನ ಟ್ರ್ಯಾಕ್ ಮುಖ್ಯ, ಚಿಪ್ ಅಲ್ಲ. ಅಂದ ಹಾಗೆ, 4164ರಲ್ಲಿ 5 ವೋಲ್ಟ್ ಬರುವುದು 8ನೇ ಕಾಲಿಗೆ, ಗ್ರೌಂಡ್ 16ಕ್ಕೆ. ಸಾಮಾನ್ಯ 74 ಸರಣಿಯ ಚಿಪ್‌ಗಳಿಗೆ ಪೂರ್ತಿ ಉಲ್ಟಾ. ಮೀಟರ್ ಇಡುವಾಗ ಜ್ಞಾಪಕ ಇರಲಿ.

ಈಗ ತಲೆ ತುಂಬ ಇನ್ನೊಂದು ಯೋಜನೆ. ಸ್ವಂತ ಟೆಸ್ಟ್ ಕಾರ್ಟ್ರಿಡ್ಜ್, ಒಂದು 27ಸಿ64 ರೋಮ್ ಚಿಪ್‌ನಲ್ಲಿ. ಕಾರ್ಟ್ರಿಡ್ಜ್ ಕನೆಕ್ಟರಿನ ಗೇಮ್ ಲೈನನ್ನು 0ಯಲ್ಲಿ, ಎಕ್ಸ್‌ರೋಮ್ ಲೈನನ್ನು 1ರಲ್ಲಿ ಇಟ್ಟರೆ ಅಲ್ಟಿಮ್ಯಾಕ್ಸ್ ಮೋಡ್ ಬರುತ್ತದೆ, ಮೆಷಿನ್ ಕರ್ನಲ್ ಇಲ್ಲದೆ ನನ್ನ ರೋಮ್‌ನಿಂದಲೇ ಶುರುವಾಗುತ್ತದೆ. ಆದರೆ ಆ ಮೋಡಿನಲ್ಲಿ ಪ್ರೊಸೆಸರಿಗೆ ಕಾಣುವುದು ಮೊದಲ 4 ಕೆಬಿ ರಾಮ್ ಮಾತ್ರ. 6144 ಕಾಣುವುದೇ ಇಲ್ಲ! ಹಾಗಾಗಿ ಮೊದಲು ಸ್ಟ್ಯಾಕ್ (ಪ್ರೊಸೆಸರ್ ರಾಮ್‌ನಲ್ಲೇ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ) ಮುಟ್ಟದೆ ಆ 4 ಕೆಬಿ ಪರೀಕ್ಷಿಸಬೇಕು. ಆಮೇಲೆ ಕೋಡನ್ನು ಅಲ್ಲಿಗೆ ನಕಲು ಮಾಡಿ, ಒಂದು 74ಎಲ್‌ಎಸ್74 ಫ್ಲಿಪ್‌ಫ್ಲಾಪ್ ಚಿಪ್‌ನಿಂದ ಗೇಮ್ ಲೈನ್ ಬಿಟ್ಟುಕೊಟ್ಟು, ಉಳಿದ 60 ಕೆಬಿಯ ಒಂದೊಂದು ಬಿಟ್‌ನಲ್ಲೂ ಸೊನ್ನೆ ಮತ್ತು ಒಂದು ಎರಡನ್ನೂ ನೋಡಬೇಕು. ಅರ್ಧ ನಕ್ಷೆ ಆಗಲೇ ಆಗಿದೆ.

ಯು21 ಹಾಕಿದ ಮೇಲೆ ಪವರ್ ಕೊಟ್ಟೆ. 38911. ಅದಕ್ಕೆ ಈ ಸಲ ಜಾಸ್ತಿ ಬೆಲೆ ಕೊಡಲಿಲ್ಲ. ಮೂರು ಸಾಲಿನ ಪ್ರೋಗ್ರಾಂ ಓಡಿಸಿದೆ, ಒಂದು ವಿಳಾಸವೂ ಬರಲಿಲ್ಲ. ಆಟವನ್ನು ಮೊದಲಿಂದ ಟೈಪ್ ಮಾಡಿ ಲಿಸ್ಟ್ ಮಾಡಿದೆ. RETURN ಇತ್ತು. ರನ್ ಕೊಟ್ಟೆ. ಬೀಪ್ ಒಂದೇ ಸಲ ಬಂತು.