ನಮ್ಮ ತಾರಸಿಗೆ ಬರುವ ಬಿಸಿಲು

ಮನೆಯಲ್ಲಿ ತರಕಾರಿ ಬೆಳೆಯಬೇಕೆಂದು ಆಸೆಪಟ್ಟವರು ಮೊದಲು ಕೇಳುವುದು ಜಾಗದ ವಿಷಯ. ಇಪ್ಪತ್ತು–ಮೂವತ್ತರ ಸೈಟಿನ ಮನೆ, ಮೇಲೆ ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಹಾಕುವ ತಂತಿ, ಇವೆಲ್ಲ ಹೋಗಿ ಉಳಿದ ಜಾಗದಲ್ಲಿ ಏನು ತಾನೇ ಬೆಳೆದೀತು ಎಂದು ಸಂಕೋಚದಿಂದ ಕೇಳುತ್ತಾರೆ. ಅಳತೆಯ ಮಾತು ಆಮೇಲಿರಲಿ, ನಿಮ್ಮ ತಾರಸಿಯ ಯಾವ ಮೂಲೆಗೆ ಯಾವ ತಿಂಗಳಲ್ಲಿ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ ಎನ್ನುತ್ತೇನೆ. ಬೆಂಗಳೂರಿನ ಒತ್ತೊತ್ತಾದ ಬಡಾವಣೆಗಳಲ್ಲಿ ಗಿಡಗಳಿಗೆ ಎಲ್ಲಕ್ಕಿಂತ ಹೆಚ್ಚು ಕೊರತೆಯಾಗುವುದು ಬೆಳಕು. ಮಣ್ಣನ್ನು ಹೊತ್ತು ತರಬಹುದು, ನೀರನ್ನು ಕೂಡಿಡಬಹುದು. ಪಕ್ಕದ ಮನೆಯ ಮೇಲೆ ಇನ್ನೆರಡು ಮಹಡಿ ಎದ್ದ ಮೇಲೆ ಹೋದ ಬಿಸಿಲನ್ನು ಮರಳಿ ತರುವ ಉಪಾಯವಿಲ್ಲ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಶೂನ್ಯ ನೆರಳಿನ ದಿನವೆಂದು ಪತ್ರಿಕೆಗಳಲ್ಲಿ ಸುದ್ದಿಯಾಗುವ ಈ ಎರಡು ದಿನಗಳು ತಾರಸಿ ತೋಟದವರ ಪಂಚಾಂಗದಲ್ಲೂ ಇರಬೇಕಾದವು. ಇವುಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಅದೂ ಹೆಚ್ಚೆಂದರೆ ಹತ್ತು ಡಿಗ್ರಿಯಷ್ಟು. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಗೆ ಒಂದಿಷ್ಟು ನೇರ ಬಿಸಿಲು ಸಿಗುವುದು ಹೆಚ್ಚಾಗಿ ಆಗಲೇ. ಉಳಿದ ಕಾಲವೆಲ್ಲ ಸೂರ್ಯ ದಕ್ಷಿಣದವನು. ಡಿಸೆಂಬರ್ 21ರ ಹೊತ್ತಿಗೆ ಮಧ್ಯಾಹ್ನದಲ್ಲೂ ಅವನ ಎತ್ತರ 54 ಡಿಗ್ರಿ ದಾಟುವುದಿಲ್ಲವಾದ್ದರಿಂದ, ದಕ್ಷಿಣದಲ್ಲಿರುವ ಮೂರು ಅಡಿಯ ಪ್ಯಾರಾಪೆಟ್ ಗೋಡೆ ತಾರಸಿಯ ಮೇಲೆ ಎರಡು ಅಡಿಗೂ ಮೀರಿ ನೆರಳು ಚೆಲ್ಲುತ್ತದೆ, ನಮ್ಮ ತಾರಸಿಗಿಂತ ಇಪ್ಪತ್ತು ಅಡಿ ಎತ್ತರವಿರುವ ದಕ್ಷಿಣದ ಕಟ್ಟಡ ಸುಮಾರು ಹದಿನೈದು ಅಡಿಯಷ್ಟು ಜಾಗವನ್ನು ನುಂಗುತ್ತದೆ.

ಕುಂಡಗಳನ್ನು ಗೋಡೆಗೆ ಒತ್ತಿ ಸಾಲಾಗಿ ಇಡುವುದು ಎಲ್ಲೆಡೆ ಕಾಣುವ ರೂಢಿ, ಓಡಾಟಕ್ಕೆ ನಡುವೆ ಜಾಗ ಬಿಡುವುದಕ್ಕೆ ಅದು ಸರಿಯೂ ಹೌದು. ಆದರೆ ಯಾವ ಗೋಡೆಗೆ ಯಾವ ಗಿಡ ಎಂಬುದನ್ನು ಮೇಲಿನ ಲೆಕ್ಕ ನೋಡಿ ನಿರ್ಧರಿಸಬೇಕು. ಉತ್ತರದ ಗೋಡೆಯ ಒಳಮೈಗೆ ಚಳಿಗಾಲದಲ್ಲಿ ದಿನವಿಡೀ ಬಿಸಿಲು ಬೀಳುವುದರಿಂದ ಟೊಮೆಟೊ, ಬದನೆ, ಮೆಣಸಿನಕಾಯಿ ಮತ್ತು ಬಳ್ಳಿಗಳ ಚಪ್ಪರ ಅಲ್ಲಿಗೆ ಸೇರಬೇಕು. ಚಪ್ಪರವನ್ನು ದಕ್ಷಿಣದಲ್ಲಿ ಕಟ್ಟಿದರೆ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಅದರ ನೆರಳೇ ಉಳಿದ ಗಿಡಗಳಿಗೆ ಶತ್ರುವಾಗುತ್ತದೆ. ಒಂದು ಸೀಮೆಸುಣ್ಣ ಹಿಡಿದು, ಒಂದೇ ದಿನ ಬೆಳಿಗ್ಗೆ ಒಂಬತ್ತಕ್ಕೆ, ನಡುಹಗಲಿಗೆ, ಮಧ್ಯಾಹ್ನ ಮೂರಕ್ಕೆ ನೆರಳಿನ ಅಂಚನ್ನು ನೆಲದ ಮೇಲೆ ಗುರುತು ಮಾಡಿ, ಅದನ್ನೇ ಡಿಸೆಂಬರಿನಲ್ಲೊಮ್ಮೆ ಜೂನ್‌ನಲ್ಲೊಮ್ಮೆ ಮಾಡಿದರೆ ನಿಮ್ಮ ತಾರಸಿಯ ನಕ್ಷೆ ಸಿದ್ಧವಾದಂತೆ.

ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪಿಗೆ ಮೂರು–ನಾಲ್ಕು ಗಂಟೆ ಸಾಕು. ಪುದೀನ, ಒಂದೆಲಗ, ದೊಡ್ಡಪತ್ರೆ ಅದಕ್ಕಿಂತ ಕಡಿಮೆಯಲ್ಲೂ ಹಿಗ್ಗುತ್ತವೆ. ಆದ್ದರಿಂದ ಜಾಗ ಕಡಿಮೆಯಿರುವ ಮನೆಯವರು ಮೊದಲು ಸೊಪ್ಪನ್ನೇ ಬೆಳೆಯಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಕೊತ್ತಂಬರಿ ಒಂದು ಗೇಣು ಆಳದ ತೊಟ್ಟಿಯಲ್ಲೂ ಬರುತ್ತವೆ. ದಂಟನ್ನು ಬೇರುಸಹಿತ ಕೀಳದೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ, ಬಸಳೆಯ ಬಳ್ಳಿ ಮತ್ತು ಹೊನಗೊನ್ನೆ ಒಮ್ಮೆ ಬೇರು ಬಿಟ್ಟರೆ ವರ್ಷಗಟ್ಟಲೆ ಕೊಡುತ್ತಲೇ ಇರುತ್ತವೆ. ಕೊಯ್ದ ಅರ್ಧ ಗಂಟೆಯೊಳಗೆ ಒಲೆಯ ಮೇಲೇರಿದ ಸೊಪ್ಪಿನ ಮಸ್ಸೊಪ್ಪಿಗೂ ಬಸ್ಸಾರಿಗೂ ಇರುವ ರುಚಿ ಎರಡು ದಿನ ನೀರು ಚಿಮುಕಿಸಿಕೊಂಡು ಬಂದ ಕಟ್ಟಿಗೆ ಬರುವುದಿಲ್ಲ. ಇನ್ನೊಂದು ಕಾರಣವನ್ನೂ ಹೇಳಲೇಬೇಕು: ಊರಿನ ಕೊಳಚೆಯನ್ನು ಹೊತ್ತು ಹರಿಯುವ ವೃಷಭಾವತಿಯ ನೀರು ಕೆಳಗಿನ ಊರುಗಳ ಹೊಲಗಳಿಗೆ ಹೋಗುತ್ತದೆ, ಮತ್ತು ಕಟ್ಟನ್ನು ನೋಡಿ ಅದು ಯಾವ ನೀರಿನಲ್ಲಿ ಬೆಳೆದದ್ದೆಂದು ತಿಳಿಯುವುದು ಅಸಾಧ್ಯ. ಕುಂಡದಲ್ಲಿ ಸುಲಭವಾಗಿ ಬರುವ ಚಕ್ರಮುನಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಇರಲಿ. ಬೇಯಿಸಿ ಪಲ್ಯ, ಸಾರು ಮಾಡಿ ಹಿತಮಿತವಾಗಿ ತಿನ್ನಬಹುದು. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಅದರ ಹಸಿ ರಸವನ್ನು ದಿನವೂ ಕುಡಿದ ಅನೇಕರ ಶ್ವಾಸಕೋಶಕ್ಕೆ ಗಂಭೀರ ಹಾನಿಯಾಗಿತ್ತು.

ಇನ್ನು ಬಳ್ಳಿಗಳು. ಹೀರೆ ಚೆನ್ನಾಗಿ ಹಬ್ಬಿದೆ, ಹೂವೂ ತುಂಬಿದೆ, ಪುಟ್ಟ ಪುಟ್ಟ ಈಚು ಮಾತ್ರ ಹಳದಿಯಾಗಿ ಉದುರುತ್ತದೆ ಎಂಬ ದೂರು ಮಳೆಗಾಲದಲ್ಲಿ ತಪ್ಪದೆ ಕಿವಿಗೆ ಬೀಳುತ್ತದೆ. ಗೊಬ್ಬರದ ಕೊರತೆಯೆಂದು ಭಾವಿಸಿ ಇನ್ನಷ್ಟು ಹಿಂಡಿ ಸುರಿಯುವವರಿದ್ದಾರೆ. ಬಹಳಷ್ಟು ಸಂದರ್ಭಗಳಲ್ಲಿ ನಡೆದಿರುವುದು ಪರಾಗಸ್ಪರ್ಶದ ವೈಫಲ್ಯ. ಈ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಹಿಂದೆ ಎಳೆಗಾಯಿಯ ಆಕಾರವೇ ಇರುವುದರಿಂದ ಗುರುತಿಸುವುದು ಕಷ್ಟವಲ್ಲ, ಮೊದಮೊದಲು ಅರಳುವವು ಹೆಚ್ಚಾಗಿ ಗಂಡು ಹೂಗಳೇ. ಇಲ್ಲೂ ಬೆಳಕಿನ ಮಾತು ಬರುತ್ತದೆ. ಹಾಗಲ, ಸೌತೆ, ಕುಂಬಳದ ಹೂಗಳು ಬೆಳಗಿನವು, ಜೇನ್ನೊಣಗಳ ಪಾಲಿನವು. ಹೀರೆ, ಸೋರೆ, ಪಡವಲ ಮಾತ್ರ ಹೊತ್ತು ಇಳಿದ ಮೇಲೆ, ಮನೆಯಲ್ಲಿ ದೀಪ ಹಚ್ಚುವ ಸಮಯಕ್ಕೆ ಅರಳುತ್ತವೆ, ಏಕೆಂದರೆ ಅವು ಮುಖ್ಯವಾಗಿ ಕಾಯುವುದು ಇರುಳಿನ ಪತಂಗಗಳಿಗಾಗಿ. ಮೂರನೆಯ ಮಹಡಿಯ ಮೇಲಿನ ಒಂಟಿ ಬಳ್ಳಿಯನ್ನು ಹುಡುಕಿಕೊಂಡು ಪತಂಗ ಬರುವುದೆಂಬ ಭರವಸೆ ಇಟ್ಟುಕೊಳ್ಳಲಾಗದು. ಸಂಜೆ ಗಂಡು ಹೂವೊಂದನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೃದುವಾಗಿ ಸವರಿದರೆ ಕೆಲಸ ಮುಗಿಯಿತು. ನಮ್ಮ ಮನೆಯಲ್ಲಿ ಇದು ಅತ್ತೆಯವರ ಕೆಲಸ, ಮತ್ತೊಬ್ಬರಿಗೆ ಅವರು ಬಿಟ್ಟುಕೊಡುವುದಿಲ್ಲ. ಟೊಮೆಟೊ ಹಾಗೂ ಮೆಣಸಿನಲ್ಲಿ ಒಂದೇ ಹೂವಿನಲ್ಲಿ ಎರಡೂ ಇರುವುದರಿಂದ ರೆಂಬೆಯನ್ನು ಬೆಳಿಗ್ಗೆ ಹಗುರವಾಗಿ ತಟ್ಟುವುದು ಸಾಕು. ಟೊಮೆಟೊ ಬೆಳೆಯುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ತಳಿಯನ್ನು ನೋಡಬಹುದು. ಎಲೆ ಮುಟುರು ನಂಜು, ದುಂಡಾಣು ಸೊರಗು, ಎಲೆಚುಕ್ಕೆ ತರುವ ಅಂಗಮಾರಿ, ಈ ಮೂರನ್ನೂ ತಡೆಯುವಂತೆ ರೂಪಿಸಿದ ಸಂಕರಣ ತಳಿಯದು. ಸಂಕರಣವಾದ್ದರಿಂದ ಅದರ ಬೀಜ ಎತ್ತಿಟ್ಟು ಮುಂದಿನ ವರ್ಷಕ್ಕೆ ಬಿತ್ತುವುದರಲ್ಲಿ ಅರ್ಥವಿಲ್ಲ.

ಹಗಲಿನ ಉದ್ದವನ್ನು ಎಣಿಸುವ ಗಿಡಗಳೂ ಇವೆ. ನಾಡ ಅವರೆಯನ್ನು ಯಾವಾಗ ಬಿತ್ತಿದರೂ ಅದು ಬಳ್ಳಿಯಾಗಿ ಹಬ್ಬುತ್ತಾ ಕಾದು, ಹಗಲು ಕಿರಿದಾಗಿ ಇರುಳು ಹಿರಿದಾದ ಮೇಲೆಯೇ ಹೂ ಬಿಡುತ್ತದೆ, ಆದ್ದರಿಂದಲೇ ಸೊಗಡಿನ ಅವರೆ ಡಿಸೆಂಬರ್–ಜನವರಿಯ ಭಾಗ್ಯ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟ ಹೆಬ್ಬಾಳ ಅವರೆ 3 ಮತ್ತು 4 ಈ ಕಟ್ಟಿಗೆ ಒಳಪಡದೆ ವರ್ಷದ ಯಾವ ಕಾಲದಲ್ಲೂ ಹೂ ಬಿಡುವ ಗಿಡ್ಡ ತಳಿಗಳು; ಬಳ್ಳಿ ಹಬ್ಬಿಸಲು ಎಡೆಯಿಲ್ಲದ ತಾರಸಿಗೆ ಹೇಳಿ ಮಾಡಿಸಿದಂಥವು. ಸೊಗಡಿನಲ್ಲಿ ಮಾತ್ರ ನಾಡ ಅವರೆಯೇ ಮೇಲು ಎಂಬುದು ನನ್ನ ನಾಲಗೆಯ ತೀರ್ಪು. ಸೇವಂತಿಗೆಯ ಸ್ವಭಾವವೂ ಇಂಥದ್ದೇ. ಅದು ಮೊಗ್ಗಾಗಲು ಉದ್ದವಾದ, ಬೆಳಕು ಕದಡದ ಇರುಳು ಬೇಕು. ಬೀದಿದೀಪ ನೇರವಾಗಿ ಬೀಳುವ ಮೂಲೆಯಲ್ಲಿಟ್ಟರೆ ಗಿಡ ಸೊಂಪಾಗಿ ಎಲೆ ತುಂಬಿಕೊಂಡು ನಿಲ್ಲುತ್ತದೆ, ಹೂವು ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಕುಂಡವನ್ನು ಟ್ಯಾಂಕಿನ ಮರೆಗೆ ಸರಿಸುವಷ್ಟರಿಂದಲೇ ಇದು ಪರಿಹಾರವಾಗುತ್ತದೆ. ಮಲ್ಲಿಗೆಗೆ ತುಂಬು ಬಿಸಿಲು ಬೇಕು, ಕನಕಾಂಬರಕ್ಕೆ ಅರೆನೆರಳೂ ಸಮ್ಮತ.

ಹಣ್ಣಿನ ಗಿಡಗಳಲ್ಲಿ ಸೀಬೆ, ನಿಂಬೆ, ಅಂಜೂರ ಮೂರೂ ದೊಡ್ಡ ಡ್ರಮ್ಮಿನಲ್ಲಿ ಬರುತ್ತವೆ. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಾದ್ದರಿಂದ ಕತ್ತರಿಸಲು ಹಿಂಜರಿಯಬಾರದು. ಆದರೆ ತೂಕದ ವಿಷಯ ಇಲ್ಲಿ ಗಂಭೀರ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಸಂಹಿತೆ ಗಣಿಸುವ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ.; ಒಂದು ಅಡಿ ದಪ್ಪ ಹರವಿದ ಮಣ್ಣು ಮಳೆಯಲ್ಲಿ ನೆನೆದರೆ ಅದೇ ಜಾಗದಲ್ಲಿ 500 ಕೆ.ಜಿ.ಗೂ ಮೀರುತ್ತದೆ. ಇಟ್ಟಿಗೆ ಕಟ್ಟಿ ತಾರಸಿಯ ತುಂಬ ಮಣ್ಣು ತುಂಬುವ ಯೋಚನೆಯನ್ನು ಯಾರೂ ಮಾಡಬಾರದು. ಕೆಂಪು ಮಣ್ಣು, ಚೆನ್ನಾಗಿ ತೊಳೆದು ಉಪ್ಪು ಕಳೆದ ಕೋಕೋಪೀಟ್, ಎರೆಗೊಬ್ಬರ, ಮೂರನ್ನೂ ಸಮ ಬೆರೆಸಿದ ಹಗುರ ಮಿಶ್ರಣ ಇರಲಿ, ಡ್ರಮ್ಮುಗಳು ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆಗೆ ಮಾತ್ರ ಹೋಗಲಿ.

ಬೇಸಿಗೆ ಬಂದಾಗ ಬಿಸಿಲಿನ ಲೆಕ್ಕ ತಿರುಗಿ ನಿಲ್ಲುತ್ತದೆ. ಏಪ್ರಿಲಿನ ನಡುಹಗಲಲ್ಲಿ ಯಾವ ಗೋಡೆಯ ನೆರಳೂ ಇಲ್ಲದೆ ಎಲ್ಲ ಕುಂಡಗಳೂ ಒಂದೇ ಸಮನೆ ಕಾಯುತ್ತವೆ, ನೀರಿನ ಅಭಾವವೂ ಆಗಲೇ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಗಿಡಗಳಿಗೆ, ವಾಹನ ತೊಳೆಯುವುದಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ನೂರು ಕಿಲೋಮೀಟರಿನಷ್ಟು ದೂರದಿಂದ ಮೇಲೆತ್ತಿ ತರುವ ಕಾವೇರಿಯ ವಿಷಯದಲ್ಲಿ ಆ ನಿಷೇಧ ನ್ಯಾಯವಾದದ್ದೆಂದೇ ನಾನು ನಂಬುತ್ತೇನೆ. ಬೇಸಿಗೆಯಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎಷ್ಟು ಸಿಗುತ್ತದೋ ಅಷ್ಟೇ ಗಿಡಗಳನ್ನು ಇಟ್ಟುಕೊಳ್ಳುವುದು ನಮ್ಮ ಮನೆಯ ಕ್ರಮ. ಫೆಬ್ರವರಿಯ ಕೊನೆಗೆ ಮುಗಿಯುತ್ತ ಬಂದ ಟೊಮೆಟೊ, ಅವರೆಗಳನ್ನು ಕಿತ್ತು ಗೊಬ್ಬರದ ಡಬ್ಬಕ್ಕೆ ಹಾಕುತ್ತೇವೆ. ಬಸಳೆ, ಹೊನಗೊನ್ನೆ, ಕರಿಬೇವು, ಮಲ್ಲಿಗೆಯ ಕುಂಡಗಳನ್ನು ಹಸಿರು ಪರದೆಯಡಿ ಒತ್ತಾಗಿ ಜೋಡಿಸಿ, ಬುಡಕ್ಕೆ ಹೊಂಗೆಯ ಒಣ ಎಲೆ ಹೊದಿಸುತ್ತೇವೆ. ಬೋರ್‌ವೆಲ್ ನೀರೇ ಗತಿಯಾದ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿಯ ಉಪ್ಪು ಕಟ್ಟುತ್ತದೆ. ಮೇ ತಿಂಗಳ ಮಳೆಗೆ ಆ ಕುಂಡಗಳನ್ನು ಪರದೆಯಿಂದ ಹೊರಗಿಟ್ಟು, ಕೆಳಗಿನ ತೂತಿನಿಂದ ನೀರು ಧಾರಾಳವಾಗಿ ಹರಿದುಹೋಗುವಂತೆ ಬಿಟ್ಟರೆ ಉಪ್ಪು ತೊಳೆದುಹೋಗುತ್ತದೆ, ಹೀರೆಯ ಬೀಜ ಊರುವುದಕ್ಕೂ ಅದೇ ಸಮಯ.